ಮದರ್ ಒಜೆಲ್ಲಾಗೊಂದು ಮೆಟ್ಟಿಲಿಲ್ಲದ ಮನೆ

ಬಾಡಿಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರು. ಮನೆ ಸಿಕ್ಕರೆ ಬಾಡಿಗೆ ಹೊಂದುವುದಿಲ್ಲ, ಬಾಡಿಗೆ ಹೊಂದಿದರೆ ನೀರು ಬರುವುದಿಲ್ಲ, ಎರಡೂ ಸರಿ ಇದ್ದರೆ ಮಾಲೀಕನ ಮುಖ ಸರಿ ಇರುವುದಿಲ್ಲ. ನಾನು ಹೇಳಹೊರಟಿರುವುದು ಅಂಥದ್ದೇ ಒಂದು ಹುಡುಕಾಟದ ಕಥೆ.

ನನ್ನ ಹೆಸರು ವರ್ಡೆಲ್. ಶಿಕಾಗೋದ ದಕ್ಷಿಣ ಭಾಗದಲ್ಲಿ, ಎಪ್ಪತ್ತೊಂಬತ್ತನೇ ಬೀದಿಯಲ್ಲಿ, ಹೆಂಗಸರ ಕೂದಲು ತಿದ್ದುವ ಅಂಗಡಿ ನನ್ನದು. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಪ್ಪು ಜನ ಮನೆ ಹುಡುಕುವುದು ಎಲ್ಲಿ ಗೊತ್ತೇ? ನನ್ನ ಅಂಗಡಿಯ ಕುರ್ಚಿಯಲ್ಲಿ, ಇಲ್ಲವೇ ಭಾನುವಾರ ಚರ್ಚು ಬಿಟ್ಟಮೇಲೆ ಬಾಗಿಲ ಮುಂದೆ ನಿಂತು. ಫೋನಿನಲ್ಲಿ ಸಾವಿರ ಮನೆಗಳ ಚಿತ್ರ ಬರಲಿ, ಯಾವುದಾದರೂ ಊರಿನ ಹೆಸರು ಎತ್ತಿದ ತಕ್ಷಣ ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ನಮ್ಮೋರು ಯಾರಿದಾರೆ?’ ಯಾರೂ ಇಲ್ಲ ಅಂದರೆ ಆ ಊರಿನ ಮಾತು ಅಲ್ಲಿಗೇ ಮುಗಿಯಿತು.

ನಮ್ಮ ಚರ್ಚಿನಲ್ಲಿ ಮದರ್ ಒಜೆಲ್ಲಾ ಎಂದರೆ ಎಲ್ಲರಿಗೂ ಗೊತ್ತು, ಚರ್ಚಿನ ಹಿರಿಯ ಹೆಂಗಸರನ್ನು ನಾವು ಗೌರವಕ್ಕೆ ಮದರ್ ಅನ್ನುತ್ತೇವೆ. ವಯಸ್ಸು ಎಂಬತ್ತು ದಾಟಿದೆ. ಬಿಳಿ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರೆ ಪಾದ್ರಿಗಳೂ ಮಾತು ಅಳೆದು ಆಡುತ್ತಾರೆ. ಮಗ ಕ್ಲೀಟಸ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸೊಸೆ ಆರ್ನೆಟಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಮೂವರೂ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ, ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿದ್ದರು.

ಚಳಿಗಾಲ ಶುರುವಾದಾಗ ಅಜ್ಜಿ ಆ ಮೆಟ್ಟಿಲಲ್ಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿನ ಡಾಕ್ಟರು ಮಗನನ್ನು ಕರೆದು ನೇರವಾಗಿ ಹೇಳಿದರು: ಮೆಟ್ಟಿಲು ಹತ್ತುವ ಮನೆಗೆ ಇವರನ್ನು ಕಳಿಸುವುದಿಲ್ಲ. ಈಸ್ಟರ್ ಹೊತ್ತಿಗೆ ಮೆಟ್ಟಿಲಿಲ್ಲದ ಮನೆ ಮಾಡಿ, ಆಗದಿದ್ದರೆ ಇವರನ್ನು ಖಾಯಂ ಆಗಿ ವೃದ್ಧಾಶ್ರಮಕ್ಕೆ ಸೇರಿಸಬೇಕಾಗುತ್ತದೆ. ಕ್ಲೀಟಸ್ ಅದನ್ನು ನನಗೆ ಹೇಳುವಾಗ ಗೋಡೆ ನೋಡುತ್ತಾ ಹೇಳಿದ. ಅಮ್ಮನನ್ನು ಹಾಗೆ ಬಿಟ್ಟುಬರುವುದಕ್ಕಿಂತ ಅವನಿಗೆ ಪ್ರಾಣ ಹೋದರೂ ವಾಸಿ.

ಸರಿ, ಗಂಡ ಹೆಂಡತಿ ಹುಡುಕಾಟಕ್ಕೆ ಇಳಿದರು. ನನ್ನ ಅಂಗಡಿಗೆ ಬರುವವರೆಲ್ಲ ಒಂದೊಂದು ವಿಳಾಸ ಕೊಟ್ಟರು. ಚರ್ಚಿನವರು ಕೊಟ್ಟರು, ಕ್ಲೀಟಸ್‌ನ ಡಿಪೋದವರು ಕೊಟ್ಟರು. ಎಲ್ಲಾ ನಮ್ಮ ಸುತ್ತಮುತ್ತಲ ಬೀದಿಗಳೇ. ಎಲ್ಲಾ ಒಂದೇ ಕಾಲದಲ್ಲಿ ಕಟ್ಟಿದ ಇಟ್ಟಿಗೆಯ ಮನೆಗಳು, ಮುಂದೆ ಎತ್ತರದ ಕಲ್ಲಿನ ಮೆಟ್ಟಿಲು, ಒಳಗೆ ಕಡಿದಾದ ಮರದ ಮೆಟ್ಟಿಲು. ನೆಲಮಟ್ಟದ ಮನೆ ಅಂತ ಹೇಳಿದ್ದನ್ನು ಹೋಗಿ ನೋಡಿದರೆ ಅದು ನೆಲಮಾಳಿಗೆ. ಹತ್ತುವ ಬದಲು ಇಳಿಯಬೇಕು, ಅಷ್ಟೇ ವ್ಯತ್ಯಾಸ. ಒಬ್ಬ ಬ್ರೋಕರ್‌ನನ್ನೂ ಹಿಡಿದರು. ಮೆಟ್ಟಿಲಿಲ್ಲದ್ದು ಬೇಕಪ್ಪಾ ಅಂತ ಬಾಯಿಬಿಟ್ಟು ಹೇಳಿದರೂ ಆ ಮಹಾನುಭಾವ ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಬೀದಿಗಳನ್ನೇ ಸುತ್ತಿಸಿ ತಂದು ಬಿಟ್ಟ. ಬೇರೆ ಊರು ತೋರಿಸಬೇಕೆಂದು ಅವನಿಗೂ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ, ಅವನನ್ನೇ ಕೇಳಬೇಕು.

ಆರ್ನೆಟಾಳ ಜೊತೆ ಡೊರೀನ್ ಎಂಬ ಬಿಳಿ ಹೆಂಗಸು ಕೆಲಸ ಮಾಡುತ್ತಾಳೆ. ಅದೇ ಪಾತ್ರೆ, ಅದೇ ಒಲೆ, ಅದೇ ಸಂಬಳ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಡೊರೀನ್ ತಾನೂ ಮನೆ ಹುಡುಕುತ್ತಿರುವುದಾಗಿ ಹೇಳಿದಳು. ಇಬ್ಬರೂ ತಾವು ನೋಡಿದ ಜಾಗಗಳ ಹೆಸರು ಹೇಳಿಕೊಳ್ಳುತ್ತಾ ಹೋದರು. ಇವಳು ನೋಡಿದ್ದನ್ನು ಅವಳು ನೋಡಿಲ್ಲ, ಅವಳು ನೋಡಿದ್ದನ್ನು ಇವಳು ನೋಡಿಲ್ಲ. ಒಂದೇ ಒಂದು ಊರಿನ ಹೆಸರಾದರೂ ಇಬ್ಬರ ಬಾಯಲ್ಲೂ ಬರಬೇಕಲ್ಲ, ಬರಲಿಲ್ಲ. ಶಾಲೆಯಿಂದ ಕೂಗಳತೆಯಲ್ಲಿರುವ ನಮ್ಮ ಚಾಥಮ್ ಬಡಾವಣೆ, ಹೂದೋಟ, ಹುಲ್ಲು, ಎಲ್ಲ ಅಚ್ಚುಕಟ್ಟು. ಅದರ ಹೆಸರನ್ನೇ ಆ ಹೆಂಗಸು ಮನೆ ಹುಡುಕುವಾಗ ಒಮ್ಮೆಯೂ ನೆನೆದಿರಲಿಲ್ಲ.

ಆರ್ನೆಟಾ ನಗುತ್ತಲೇ ಕೇಳಿದಳಂತೆ, ನಮ್ಮ ಕಡೆ ಯಾಕೆ ನೋಡಲಿಲ್ಲ ಅಂತ. ಡೊರೀನ್, "ಯಾಕೋ ಗೊತ್ತಿಲ್ಲ ಕಣೆ. ನಮ್ಮೋರು ಯಾರೂ ಅಲ್ಲಿಲ್ವಲ್ಲ" ಅಂದಳು. ನಾವು ಹೇಳುವ ಮಾತನ್ನೇ ಅವಳ ಬಾಯಲ್ಲಿ ಕೇಳಿ ಆರ್ನೆಟಾಳ ನಗು ನಿಂತುಹೋಯಿತು.

ಆಮೇಲೆ ಡೊರೀನ್ ಇನ್ನೊಂದು ಮಾತು ಹೇಳಿದಳು. ಅವಳ ಅತ್ತೆ ಮನೆ ಬ್ರಯರ್‌ಡೇಲ್‌ನಲ್ಲಿ. ರೈಲು ಸೇತುವೆ ದಾಟಿದರೆ ಸಿಗುವ ಊರು. ಅಲ್ಲಿನ ಮನೆಗಳೆಲ್ಲ ಎರಡನೇ ಮಹಾಯುದ್ಧ ಮುಗಿದಮೇಲೆ ಕಟ್ಟಿದವು, ಅಡ್ಡಡ್ಡಕ್ಕೆ ಉದ್ದವಾಗಿ, ಒಂದೇ ಮಟ್ಟದಲ್ಲಿ. ಮಹಡಿ ಇಲ್ಲ, ಮೆಟ್ಟಿಲೂ ಇಲ್ಲ.

ಅವತ್ತು ಸಂಜೆ ಆರ್ನೆಟಾ ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗ ಕ್ಲೀಟಸ್ ಅವಳನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲಿ ನಿಂತಿದ್ದ. ನನ್ನ ಪುಣ್ಯಕ್ಕೆ ಮಿಸ್ ಪೆಟಿಫೋರ್ಡ್ ಕೂಡ ಕುರ್ಚಿಯಲ್ಲಿದ್ದಳು. ಅವಳು ನಮ್ಮ ಚರ್ಚಿನವಳೇ, ಮನೆ ಕೊಡುವಾಗ ಭೇದ ಮಾಡಿದವರ ಮೇಲೆ ದೂರು ತೆಗೆದುಕೊಳ್ಳುವ ವಸತಿ ಹಕ್ಕಿನ ಕಚೇರಿಯಲ್ಲಿ ಕೆಲಸ. ಬ್ರಯರ್‌ಡೇಲ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಕ್ಲೀಟಸ್ ಬೇಡ ಅಂದ. ಮುಂದಿನ ಮಾತೇ ಇಲ್ಲ, ಬೇಡ.

"ಒಂದ್ನಿಮಿಷ ಕ್ಲೀಟಸ್," ಅಂದಳು ಪೆಟಿಫೋರ್ಡ್. "ಆ ಊರು ನೋಡಿ ಬೇಡ ಅಂತಿದೀಯೋ, ನೋಡದೇನೇ ಬೇಡ ಅಂತಿದೀಯೋ?"

"ನಾನ್ಯಾಕೆ ನೋಡ್ಲಿ? ನಮ್ಮಪ್ಪ ನೋಡಿದಾನೆ."

ಅವರಪ್ಪನ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಹರೆಯದಲ್ಲಿ ಪೀಠೋಪಕರಣದ ಅಂಗಡಿಯ ಲಾರಿ ಓಡಿಸುತ್ತಿದ್ದ. ಒಂದು ಸೋಫಾ ಇಳಿಸಲು ಬ್ರಯರ್‌ಡೇಲ್‌ಗೆ ಹೋದಾಗ ಅಲ್ಲಿನ ಬಿಳಿ ಗಂಡಸರು ಲಾರಿಯ ಗಾಜು ಒಡೆದು, ಕತ್ತಲಾಗುವುದರೊಳಗೆ ಊರು ಬಿಡು ಅಂದರು. ಆಮೇಲೆ ಸಾಯುವತನಕ ಅವನು ಆ ಸೇತುವೆ ದಾಟಲಿಲ್ಲ. ಕ್ಲೀಟಸ್ ಇವತ್ತಿಗೂ ತಂಗಿಯ ಮನೆಗೆ ಹೋಗುವಾಗ ಆ ಊರನ್ನು ಸುತ್ತಿಬಳಸಿಯೇ ಹೋಗುತ್ತಾನೆ.

ಪೆಟಿಫೋರ್ಡ್ ಅವನನ್ನು ಗದರಲಿಲ್ಲ. ನಿಮ್ಮಪ್ಪ ಹೆದರಿದ್ದು ಸುಮ್ಮನೆ ಅಲ್ಲ, ಹಾಗೆ ನಡೆದದ್ದು ನಿಜ ಅಂದಳು. ಆಗ ಅಲ್ಲಿನ ಮನೆಗಳನ್ನು ಕಟ್ಟಿದವರು ನಮಗೆ ಕೊಡುತ್ತಲೇ ಇರಲಿಲ್ಲ. ಅದಕ್ಕೇ ನಮ್ಮವರಿಗೆ ಮೆಟ್ಟಿಲಿನ ಹಳೇ ಮನೆಗಳೇ ಗತಿಯಾದವು. ಆದರೆ ಬಣ್ಣ ನೋಡಿ ಮನೆ ಇಲ್ಲ ಅನ್ನುವುದು ಅರವತ್ತೆಂಟನೇ ಇಸವಿಯಿಂದ ಕಾನೂನಿಗೆ ವಿರುದ್ಧ. ಕಪ್ಪು ಜನಕ್ಕೆ ಮನೆಯಿಲ್ಲ ಅನ್ನುವ ಬೋರ್ಡು ಹೋಯಿತು, ಅಭ್ಯಾಸ ಹೋಗಲಿಲ್ಲ. ನಾವು ಗೊತ್ತಿದ್ದ ಕಡೆಯೇ ಹುಡುಕುತ್ತೇವೆ, ಬಿಳಿಯರು ಅವರಿಗೆ ಗೊತ್ತಿದ್ದ ಕಡೆಯೇ ಹುಡುಕುತ್ತಾರೆ, ಬ್ರೋಕರುಗಳು ಇಬ್ಬರನ್ನೂ ಅದೇ ದಾರಿಯಲ್ಲಿ ಸುತ್ತಿಸುತ್ತಾರೆ. ಹೀಗೇ ಇದ್ದರೆ ನಮ್ಮ ಮೊಮ್ಮಕ್ಕಳೂ ಅಷ್ಟರಲ್ಲೇ ಸುತ್ತಬೇಕು.

"ಹಾಗಾದ್ರೆ ಏನ್ಮಾಡ್ಲಿ?" ಅಂದ ಕ್ಲೀಟಸ್.

"ಗೊತ್ತಿರೋ ಜಾಗ ನೋಡು, ಬೇಡ ಅನ್ನಲ್ಲ. ಅದರ ಜೊತೆ ಹೆಸರು ಮಾತ್ರ ಕೇಳಿರೋ ಊರಿಗೂ ಹೋಗು, ಹೆಸರೇ ಕೇಳದ ಊರಿಗೂ ಹೋಗು. ಹಗಲು ಹೋಗು, ಸಂಜೆ ಜನ ಕೆಲಸದಿಂದ ಬರೋ ಹೊತ್ತಿಗೂ ಹೋಗು. ಅಂಗಡಿಗೆ ಹೋಗು, ಬಸ್ ಸ್ಟಾಪಲ್ಲಿ ನಿಂತ್ಕೋ. ಆಮೇಲೆ ಬೇಡ ಅನ್ಸಿದ್ರೆ ಬೇಡ."

ಕ್ಲೀಟಸ್ ಗೊಣಗಿಕೊಂಡೇ ಒಪ್ಪಿದ. ಒಪ್ಪಿದ ಅನ್ನುವುದಕ್ಕಿಂತ ಹೆಂಡತಿ ಒಪ್ಪಿಸಿದಳು ಅನ್ನಿ.

ಇಬ್ಬರೂ ಒಂದು ಸಂಜೆ ಸೇತುವೆ ದಾಟಿದರು. ಆರ್ನೆಟಾಳಿಗೆ ತನ್ನದೇ ಒಂದು ಪರೀಕ್ಷೆ ಇತ್ತು. ನೇರವಾಗಿ ದಿನಸಿ ಅಂಗಡಿಗೆ ಹೋಗಿ ಸೊಪ್ಪಿನ ಸಾಲು ನೋಡಿದಳು. ನಮ್ಮ ಜನರ ಅಡುಗೆಮನೆಯಲ್ಲಿ ತಪ್ಪದ ಕಾಲರ್ಡ್ ಸೊಪ್ಪು ಇತ್ತು, ಕಟ್ಟು ಕಟ್ಟು, ಬಾಡಿರಲಿಲ್ಲ. ಅದರ ಜೊತೆ ಬೇಯಿಸಲು ಹೊಗೆಯಾಡಿಸಿದ ಟರ್ಕಿ ಕೋಳಿಯ ಕತ್ತೂ ಇತ್ತು. ಕೊಳ್ಳುವವರಿಲ್ಲದೆ ಯಾರು ಇದನ್ನು ತಂದಿಡುತ್ತಾರೆ ಅಂತ ಗಂಡನಿಗೆ ಹೇಳಿದಳು. ಸುಳ್ಳಲ್ಲ, ಬೀದಿಯಲ್ಲಿ ನಮ್ಮ ಜನದ ಮಕ್ಕಳು ಸೈಕಲ್ ತುಳಿಯುತ್ತಿದ್ದರು, ಮೂಲೆಮನೆಯಲ್ಲಿ ಮೆಕ್ಸಿಕೋದವರು ಅಂಗಳದಲ್ಲಿ ಮಾಂಸ ಸುಡುತ್ತಿದ್ದರು, ಬಿಳಿ ಮುದುಕರು ನಾಯಿ ಹಿಡಿದು ಅಡ್ಡಾಡುತ್ತಿದ್ದರು. ಕ್ಲೀಟಸ್ ಕಾರಿನ ಗಾಜು ಇಳಿಸಿದನಂತೆ.

ಎಲ್ಲ ಸಲೀಸಾಗಿ ಆಗಿದ್ದರೆ ನಾನು ಈ ಕಥೆ ಹೇಳಬೇಕಾಗಿಯೇ ಇರಲಿಲ್ಲ. ಒಂದು ಮನೆಯ ಮುಂದೆ ಬಾಡಿಗೆಗಿದೆ ಎಂಬ ಬೋರ್ಡು ಕಂಡಿತು. ಬಾಗಿಲು ತಟ್ಟಿದರು. ಮಾಲೀಕ ಅರ್ಧ ಬಾಗಿಲು ತೆಗೆದು, ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಬೆಳಿಗ್ಗೆಯೇ ಕೊಟ್ಟುಬಿಟ್ಟೆ ಅಂದ. ಬೋರ್ಡು ಅವನ ಬೆನ್ನ ಹಿಂದೆ ಅಲ್ಲ, ಕಣ್ಣ ಮುಂದೆಯೇ ಇತ್ತು. ಮರುದಿನ ಆರ್ನೆಟಾ ಇದನ್ನು ಡೊರೀನ್‌ಗೆ ಹೇಳಿದಳು. ಡೊರೀನ್ ಆ ಬೋರ್ಡಿನ ನಂಬರಿಗೆ ಅಲ್ಲೇ ಫೋನ್ ಮಾಡಿ, ಇಂಥ ಊರಿನವಳು, ಇಂಥವರ ಸೊಸೆ ಅಂತ ಹೇಳಿಕೊಂಡಳು. ಮನೆ ಖಾಲಿ ಇದೆ, ಇವತ್ತೇ ಬಂದು ನೋಡಮ್ಮಾ ಅಂದ ಅದೇ ಮನುಷ್ಯ. ಫೋನ್ ಇಡುವಾಗ ಡೊರೀನ್‌ಳ ಮುಖ ಕೆಂಪಾಗಿತ್ತಂತೆ. ಅವಳೇ ಪೆಟಿಫೋರ್ಡ್ ಕಚೇರಿಗೆ ಬಂದು ಕೇಳಿದ್ದನ್ನೆಲ್ಲ ಹೇಳಿಕೆ ಕೊಟ್ಟಳು. ದೂರು ದಾಖಲಾಗಿದೆ, ವಿಚಾರಣೆ ನಡೆಯುತ್ತಿದೆ. ಆ ಮನುಷ್ಯ ಈಗ ವಕೀಲರ ಮನೆಗೆ ಅಲೆಯುತ್ತಿದ್ದಾನೆ, ಅಲೆಯಲಿ.

ಆದರೆ ಕ್ಲೀಟಸ್‌ನ ಮನಸ್ಸು ಮುರಿದಿತ್ತು. ಅಪ್ಪ ಹೇಳಿದ್ದೇ ಸರಿ ಅಂದ. ಅದೇ ಊರಿನಲ್ಲಿ ಇನ್ನೊಬ್ಬ ಮನೆಯೊಡತಿ ಆರ್ನೆಟಾಳ ಜೊತೆ ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿ ಬಂದು ನೋಡಿ ಅಂದಿದ್ದಳು. ಹೋಗುವುದಿಲ್ಲ ಅಂತ ಕೂತುಬಿಟ್ಟ. ನನಗೂ ಉರಿದುಹೋಗಿತ್ತು, ಹೋಗು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಈಸ್ಟರ್ ಹತ್ತಿರ ಬಂದಿತ್ತು.

ಆ ಶನಿವಾರ ನಾನು ಎಂದಿನಂತೆ ಮದರ್ ಒಜೆಲ್ಲಾರ ಕೂದಲು ತಿದ್ದಲು ಆರೈಕೆ ಕೇಂದ್ರಕ್ಕೆ ಹೋಗಿದ್ದೆ. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯುತ್ತಿದ್ದೆ. ಗಂಡ ಹೆಂಡತಿ ಬಂದರು. ಕ್ಲೀಟಸ್ ಟೋಪಿ ಕೈಯಲ್ಲಿ ಹಿಡಿದು, ಮನೆ ಸಿಗಲಿಲ್ಲ ಅಮ್ಮ, ಸ್ವಲ್ಪ ದಿನ ಆ ಆಶ್ರಮದಲ್ಲಿ ಇರಬೇಕಾಗಬಹುದು ಅಂದ. ಸ್ವಲ್ಪ ದಿನ ಅಂದರೆ ಎಷ್ಟು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಅಳಲಿಲ್ಲ. ಕೈ ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಅದನ್ನು ನೋಡಿ ಆರ್ನೆಟಾಳಿಗೆ ತಡೆಯಲಾಗಲಿಲ್ಲ. ಮನೆ ಇದೆ ಅತ್ತೆ, ಬ್ರಯರ್‌ಡೇಲ್‌ನಲ್ಲಿದೆ, ಇವರೇ ಬೇಡ ಅಂತಿದಾರೆ ಅಂದುಬಿಟ್ಟಳು. ಕ್ಲೀಟಸ್ ಅವಳನ್ನು ನುಂಗುವ ಹಾಗೆ ನೋಡಿದ.

"ಬ್ರಯರ್‌ಡೇಲಾ? ಸೇತುವೆ ಆಚೇದು?" ಅಂದರು ಅಜ್ಜಿ. "ಆ ಊರು ನಂಗೊತ್ತು ಕಣೋ."

ನನ್ನ ಬಾಚಣಿಗೆ ಅಲ್ಲೇ ನಿಂತಿತು. ಅಮ್ಮನಿಗೆ ಗೊತ್ತಿರಲು ಸಾಧ್ಯವಿಲ್ಲ, ಅಪ್ಪ ಯಾರನ್ನೂ ಆ ಕಡೆ ಬಿಡುತ್ತಿರಲಿಲ್ಲ ಅಂದ ಕ್ಲೀಟಸ್.

"ನೀನು ಶಾಲೆಗೆ ಹೋಗ್ತಿದ್ದಾಗ ನಿಮ್ಮಪ್ಪಂಗೆ ಕೆಲಸ ಹೋಗಿತ್ತಲ್ಲ, ಆವಾಗ. ನಾನು ಹೋಟ್ಲಲ್ಲಿ ಬಟ್ಟೆ ಒಗೆಯೋ ಕೆಲಸ ಅಂತ ಹೇಳಿ ಹೋಗ್ತಿದ್ದೆನಲ್ಲ, ಹೋಟ್ಲೂ ಇಲ್ಲ, ಏನೂ ಇಲ್ಲ. ಬಸ್ ಹಿಡಿದು ಬ್ರಯರ್‌ಡೇಲ್‌ಗೇ ಹೋಗ್ತಿದ್ದೆ, ಮನೆಗೆಲಸಕ್ಕೆ. ಹೇಳಿದ್ರೆ ನಿಮ್ಮಪ್ಪ ಉಳೀತಿರಲಿಲ್ಲ. ಅವನು ಹೋದ್ಮೇಲೆ ನೀನೂ ಅವನ ಥರಾನೇ ಆ ಊರು ಬಿಟ್ಟು ಸುತ್ಕೊಂಡು ಹೋಗೋನು. ನೊಂದ್ಕೋತೀಯ ಅಂತ ಸುಮ್ನಿದ್ದೆ."

ಅಲ್ಲಿನವರು ಹೇಗಿದ್ದರು ಅಂತ ಆರ್ನೆಟಾ ಮೆಲ್ಲಗೆ ಕೇಳಿದಳು. ಒಳ್ಳೆಯವರೂ ಇದ್ದರು, ಮೈಮೇಲೆ ಬರುವವರೂ ಇದ್ದರು ಅಂದರು ಅಜ್ಜಿ. ಒಬ್ಬಾಕೆ ತನ್ನ ತಟ್ಟೆಯಲ್ಲೇ ಊಟ ಕೊಡುತ್ತಿದ್ದಳು, ಇನ್ನೊಬ್ಬಾಕೆ ಇವರು ಮುಟ್ಟಿದ ಲೋಟ ಬೇರೆ ಇಡುತ್ತಿದ್ದಳು. ಮನೆಗಳು ಮಾತ್ರ ಚೆನ್ನಾಗಿದ್ದವು. ಬಚ್ಚಲಿನಿಂದ ಅಡುಗೆಮನೆಯವರೆಗೆ ಒಂದೇ ಸಮನಾದ ನೆಲ, ಒರೆಸುತ್ತಾ ಹೋದರೆ ಎಲ್ಲೂ ಏಳುವ ಹಾಗಿಲ್ಲ. ವಯಸ್ಸಾದಮೇಲೆ ಇಂಥದ್ದೊಂದು ಮನೆಯಲ್ಲಿ ಇರಬೇಕು ಅಂತ ಆಗ ಮನಸ್ಸಿನಲ್ಲೇ ಆಸೆಪಟ್ಟಿದ್ದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಕಂಡಿತು, ಹುಡುಗಿಯರಿಗೆ ಬರುವಂಥ ನಾಚಿಕೆ. ನನ್ನ ಕಣ್ಣು ತುಂಬಿಬಂತು.

ಆಮೇಲೆ ಮಗನ ಕಡೆ ತಿರುಗಿದರು.

"ನಿಮ್ಮಪ್ಪನ ಭಯಕ್ಕೆ ಕಾರಣ ಇತ್ತು ಕ್ಲೀಟಸ್. ಅವನಿಗೆ ಮರ್ಯಾದೆ ಕೊಡು. ಆದ್ರೆ ಅದಕ್ಕೋಸ್ಕರ ನನ್ನ ಇಲ್ಲಿ ಸಾಯಕ್ಕೆ ಬಿಡ್ತೀಯೇನಪ್ಪಾ?"

ಅವನು ಅಮ್ಮನ ಪಕ್ಕ ಕೂತು ಆ ಹೊದಿಕೆಯ ಅಂಚನ್ನು ತಾನೇ ಸರಿಮಾಡಿದ. ಆಮೇಲೆ ಹೊರಗೆ ಹೋಗಿ ಆ ಮನೆಯೊಡತಿಗೆ ಫೋನ್ ಮಾಡಿದ.

ಮನೆ ಸಿಕ್ಕಿತು. ಹಳದಿ ಇಟ್ಟಿಗೆಯದು, ಅಗಲವಾದ ಬಾಗಿಲುಗಳು, ಬಚ್ಚಲಿಗೂ ಗಾಲಿಕುರ್ಚಿ ಹೋಗುತ್ತದೆ. ನಮ್ಮ ಚರ್ಚಿನ ದಾರಿಯ ಬಸ್ಸು ಮೂಲೆಯಲ್ಲೇ ನಿಲ್ಲುತ್ತದೆ. ಸಾಮಾನು ಇಳಿಸುವ ದಿನ ಪಕ್ಕದ ಮನೆಯ ಬಿಳಿ ಮುದುಕ ಬೇಲಿಯಾಚೆ ನಿಂತು ನೋಡುತ್ತಿದ್ದ. ಕ್ಲೀಟಸ್ ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟ. ಮುದುಕ ಒಳಗೆ ಹೋಗಿ ಉದ್ದನೆಯ ಹಲಗೆಯೊಂದನ್ನು ಎಳೆದುಕೊಂಡು ಬಂದ. ತನ್ನ ಹೆಂಡತಿಗೆ ಮಾಡಿಸಿದ್ದು, ಅವಳು ಹೋಗಿ ವರ್ಷವಾಯಿತು, ಹೊಸ್ತಿಲಿಗೆ ಹಾಕಿಕೊಂಡರೆ ಕುರ್ಚಿ ಸಲೀಸಾಗಿ ಹತ್ತುತ್ತದೆ ಅಂದ. ಇಬ್ಬರೂ ಸೇರಿ ಹಲಗೆ ಕೂರಿಸಿದರು. ಆರ್ನೆಟಾ ಅವನಿಗೊಂದು ಬಟ್ಟಲು ಸೊಪ್ಪು ಕೊಟ್ಟು ಕಳಿಸಿದಳು. ಊರಿನವರೆಲ್ಲ ಹಾಗೇ ಅಂತ ನಾನು ಹೇಳುವುದಿಲ್ಲ. ಆ ಮುದುಕ ಹಾಗಿದ್ದ.

ಈಸ್ಟರ್‌ಗೆ ಮುಂಚಿನ ಶುಕ್ರವಾರ ಮದರ್ ಒಜೆಲ್ಲಾರನ್ನು ಕರೆತಂದರು. ನಾನೂ ಇದ್ದೆ. ಕಾರು ನಿಲ್ಲುವ ಜಾಗ ಹಿತ್ತಲ ಕಡೆಯ ಅಡುಗೆಮನೆ ಬಾಗಿಲಿಗೆ ಹತ್ತಿರ, ಅಲ್ಲಿ ಹಲಗೆಯ ಅಗತ್ಯವೂ ಇಲ್ಲ. ಕ್ಲೀಟಸ್ ಕುರ್ಚಿಯನ್ನು ಆ ಕಡೆಗೇ ತಿರುಗಿಸಿದ. ಅಜ್ಜಿ ಚಕ್ರದ ಮೇಲೆ ಕೈಯಿಟ್ಟು ತಡೆದರು.

"ಈ ಊರಿನ ಮನೆಗಳಿಗೆ ಹಿತ್ತಲ ಬಾಗಿಲಿಂದ ಹೋಗಿದ್ದು ಸಾಕಾಗಿದೆ," ಅಂದರು. "ಮುಂದಗಡೆಯಿಂದ ಕರ್ಕೊಂಡು ಹೋಗು."

ಕ್ಲೀಟಸ್ ಕುರ್ಚಿ ತಿರುಗಿಸಿದ. ಮನೆಯನ್ನು ಅರ್ಧ ಸುತ್ತಿ, ಹುಲ್ಲಿನ ಮೇಲೆ ಕಷ್ಟಪಟ್ಟು ತಳ್ಳಿಕೊಂಡು, ಮುಂಬಾಗಿಲಿಗೆ ತಂದ. ಅಜ್ಜಿ ಬಿಳಿ ಟೋಪಿ ಸರಿಮಾಡಿಕೊಂಡು, ಬೀದಿಯ ಎಲ್ಲರಿಗೂ ಕಾಣುವ ಹಾಗೆ, ಒಳಗೆ ಹೋದರು. ನಾನು ಅಂಗಳದಲ್ಲಿ ನಿಂತು ಜೋರಾಗಿ ಅತ್ತೆ. ನನಗೇನೂ ನಾಚಿಕೆಯಾಗಲಿಲ್ಲ.

ಈಗ ನಿಮಗೆ ಹೇಳುತ್ತೇನೆ, ನೀವು ಕಪ್ಪಗಿರಿ, ಬೆಳ್ಳಗಿರಿ, ಯಾವ ಜನವೇ ಆಗಿರಿ. ಮನೆ ಹುಡುಕಲು ಹೊರಡುವ ಮುಂಚೆ ಎಲ್ಲರೂ ಒಟ್ಟಿಗೆ ಕೂತು, ನಾವು ಯಾವ ಊರಿನ ಹೆಸರನ್ನು ಬಾಯಿಗೇ ತಂದಿಲ್ಲ ಅಂತ ಕೇಳಿಕೊಳ್ಳಿ. ಮನೆಯ ಹಿರಿಯರನ್ನೂ ಕೇಳಿ, ಅವರು ಓಡಾಡಿದ ಜಾಗ ನಿಮಗೆ ಗೊತ್ತಿರುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಬೇರೆ ಜನರನ್ನು ಕೇಳಿ, ನಿಮಗೆ ಗೊತ್ತಿರುವುದನ್ನು ಅವರಿಗೂ ಹೇಳಿ. ಬ್ರೋಕರು ಒಂದೇ ಕಡೆ ಸುತ್ತಿಸಿದರೆ ಬೇರೆ ಕಡೆ ತೋರಿಸು ಅಂತ ಕೇಳಿ. ಮನೆ ಇದ್ದೂ ಇಲ್ಲ ಅಂದವರ ವಿಳಾಸ, ಹೇಳಿದ ಮಾತು, ದಿನ ನೆನಪಿಟ್ಟುಕೊಂಡು ವಸತಿ ಹಕ್ಕಿನ ಕಚೇರಿಗೆ ಹೋಗಿ ದೂರು ಕೊಡಿ. ನೀವು ಸುಮ್ಮನಾದರೆ ಅವನು ಮುಂದೆ ಬರುವವರಿಗೂ ಹಾಗೇ ಅನ್ನುತ್ತಾನೆ. ಬಾಡಿಗೆ ಕೊಡುವವರು ನೀವು, ಆ ಗೋಡೆಗಳ ನಡುವೆ ಬದುಕುವವರು ನೀವು. ಎಲ್ಲಿ ಹುಡುಕಬೇಕು ಎಂಬುದನ್ನು ಮಾತ್ರ ಬೇರೆ ಯಾರೋ ತೀರ್ಮಾನ ಮಾಡುವುದು ಯಾಕೆ?